ಬೇಲೆಕೇರಿಯಿಂದ ಉಳ್ಳಾಲಕ್ಕೆ ಕಯಾಕಿನಲ್ಲಿ: ಹೊರಡುವವರ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲೆಯೇ ಕಯಾಕನ್ನು ನೀರಿಗೆ ಇಳಿಸತಕ್ಕದ್ದು. ಅರ್ಧ ಓದಿ ಇಳಿಸಿದವರಿಗೆ ಉಳಿದರ್ಧವನ್ನು ಕಡಲೇ ಓದಿ ಹೇಳುತ್ತದೆ, ಅದರ ಉಚ್ಚಾರ ಸ್ವಲ್ಪ ಒರಟು.

ಹಂತ ಸೊನ್ನೆ: ಮನೆಯಲ್ಲಿ ಹೇಳುವುದು

"ಮೂರು ವಾರ ಸಮುದ್ರದಲ್ಲಿ ಇರ್ತೇನೆ" ಎಂದು ಮಾತು ಶುರು ಮಾಡಬೇಡಿ. "ದಡದ ಗುಂಟವೇ ಹೋಗೋದು, ರಾತ್ರಿ ಎಲ್ಲ ನೆಲದ ಮೇಲೇ ಮಲಗೋದು" ಎಂದು ಶುರು ಮಾಡಿ. ಇದು ನಿಜವೂ ಹೌದು. ಧೈರ್ಯ ತುಂಬಲು ಆಸ್ಕರ್ ಸ್ಪೆಕ್ ಎಂಬ ಜರ್ಮನ್ನನ ಕಥೆ ಹೇಳುವ ಆಸೆ ಆಗುತ್ತದೆ. 1932ರಲ್ಲಿ ಉಲ್ಮ್ ಪಟ್ಟಣದಲ್ಲಿ ಮಡಚುವ ಕಯಾಕ್ ಹತ್ತಿದವನು, ಕರಾಚಿಯಿಂದ ನಮ್ಮ ಪಶ್ಚಿಮ ಕರಾವಳಿಯ ಗುಂಟವೇ ಇಳಿದು ಸಿಲೋನ್ ಸೇರಿ, 1939ರಲ್ಲಿ ಆಸ್ಟ್ರೇಲಿಯದ ಒಂದು ದ್ವೀಪ ಮುಟ್ಟಿದ. ಇಷ್ಟಕ್ಕೇ ನಿಲ್ಲಿಸಿ. ಅವನು ಮನೆ ಬಿಟ್ಟದ್ದು ಕೆಲಸ ಹುಡುಕಿಕೊಂಡು ಸೈಪ್ರಸ್‌ಗೆ ಎಂಬುದಾಗಲಿ, ಅಷ್ಟರಲ್ಲಿ ಯುದ್ಧ ಶುರುವಾಗಿ ದಡ ಹತ್ತಿದೊಡನೆ ಶತ್ರುದೇಶದವನೆಂದು ಸೆರೆಯಾದ ಎಂಬುದಾಗಲಿ ಅಮ್ಮನ ಕಿವಿಗೆ ಬೀಳದಿರಲಿ.

ಹಂತ 1: ಮುಹೂರ್ತ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದ್ದು ಯಾಂತ್ರಿಕ ದೋಣಿಗಳೇ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ನಿಮ್ಮದು ತೋಳಿನ ದೋಣಿ, ಸುಮ್ಮನಿರಿ. ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಟ್ಟದ್ದನ್ನು ನೋಡಿ ಉಬ್ಬಬೇಡಿ. ಕಾಯಿ ತೆಗೆದುಕೊಂಡ ಮಾತ್ರಕ್ಕೆ ಕಡಲು ಆ ಕೂಡಲೇ ತಣ್ಣಗಾಗುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ನಿಮ್ಮ ಕಾಲ. ಆಗ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನ ಬಿಸಿಲು ಏರಿದ ಹಾಗೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ, ಅದೂ ಹೆಚ್ಚಾಗಿ ವಾಯವ್ಯದಿಂದ. ಆದ್ದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋಗಿ. ನಸುಕಿನಲ್ಲಿ ಹೊರಟು ಹನ್ನೊಂದರ ಒಳಗೆ ದಡ ಸೇರಿ. ಆಮೇಲೆ ಮಾಡಲು ಕೆಲಸವಿಲ್ಲವಲ್ಲ ಎಂಬ ಚಿಂತೆ ಬೇಡ, ದಡದವರು ಇದ್ದಾರೆ.

ಭರತಿ-ಇಳಿತದ ಲೆಕ್ಕಕ್ಕೆ ಆ್ಯಪ್ ಇದೆ. ಅದರ ಚಾರ್ಜ್ ಮುಗಿದಾಗ ಅಡುಗೆಮನೆ ಗೋಡೆಯ ಪಂಚಾಂಗವೂ ಇದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕಮ್ಮಿ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಜ್ಜಿ ಪಂಚಾಂಗವನ್ನು ಏಕಾದಶಿಗಾಗಿ ನೋಡುತ್ತಿದ್ದರು, ನೀವು ಗಂಗಾವಳಿ ನದಿಯ ಅಳಿವೆಗಾಗಿ ನೋಡಿ.

ಹಂತ 2: ದಾರಿ

ಕಾರವಾರದಿಂದಲೇ ಹೊರಡಬೇಕೆಂಬ ಹಟ ಬಿಡಿ. ಪಟ್ಟಣದ ದಕ್ಷಿಣಕ್ಕೆ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ. ಅದರ ಮುಂದೆ ಬಣ್ಣಬಣ್ಣದ ಕಯಾಕಿನಲ್ಲಿ ತೇಲಿ ಹೋಗುವವರ ಬಗ್ಗೆ ಅಲ್ಲಿನವರಿಗೆ ಕುತೂಹಲ ಜಾಸ್ತಿ. ಮುರುಡೇಶ್ವರದ ಎದುರಿನ ನೇತ್ರಾಣಿಯೂ ಬೇಡ. ನೌಕಾಪಡೆ ಅದನ್ನು ಗುಂಡಿನ ಅಭ್ಯಾಸಕ್ಕೆ ಬಳಸಿದೆ. ಬೇಲೆಕೇರಿಯಲ್ಲಿ ಇಳಿಸಿ, ಉಳ್ಳಾಲದಲ್ಲಿ ಏರಿಸಿ. ದಿನಕ್ಕೆ 15ರಿಂದ 20 ಕಿ.ಮೀ. ಸಾಕು. ಉಳಿದ ದಿನಗಳು ಗಾಳಿಗೆ, ಬೆನ್ನುನೋವಿಗೆ, ಗೋಳಿಬಜೆಗೆ.

ಈ ದಾರಿಯಲ್ಲಿ ನಿಜಕ್ಕೂ ಹೆದರಬೇಕಾದ್ದು ನಡುಗಡಲಿಗಲ್ಲ, ಅಳಿವೆಗಳಿಗೆ. ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ಕೋಡಿಬೆಂಗ್ರೆ, ಕೊನೆಗೆ ನೇತ್ರಾವತಿ. ಇಳಿತದ ಹೊತ್ತಿನಲ್ಲಿ ನದಿ ನೀರು ಹೊರಗೆ ನುಗ್ಗುತ್ತದೆ, ಕಡಲ ತೆರೆ ಒಳಗೆ ನುಗ್ಗುತ್ತದೆ, ನಡುವೆ ಮರಳ ದಿಬ್ಬ. ಅಲ್ಲಿ ತೆರೆ ಗೋಡೆಯಂತೆ ನಿಂತು ಒಡೆಯುತ್ತದೆ. ಯಾವಾಗ ದಾಟಬೇಕು ಎಂದು ತಿಳಿಯದಿದ್ದರೆ ದಡದಲ್ಲಿ ಬಲೆ ಹೆಣೆಯುತ್ತ ಕೂತ ಹಿರಿಯರನ್ನು ಕೇಳಿ. ಅವರು ಮೊದಲು ದೋಣಿ ನೋಡುತ್ತಾರೆ, ಆಮೇಲೆ ನಿಮ್ಮನ್ನು ನೋಡುತ್ತಾರೆ, ಆಮೇಲೆ "ನಾಳೆ ಹೋಗಿ" ಎನ್ನುತ್ತಾರೆ. ನಾಳೆಯೇ ಹೋಗಿ.

ಹಂತ 3: ಸಾಮಾನು

ಕಡಲ ಕಯಾಕ್ ಐದು ಮೀಟರ್ ಉದ್ದ ಇದೆ ಎಂದಾಗ ಮನೆಮಂದಿಗೆಲ್ಲ ಸಂಭ್ರಮ. ಆದರೆ ಅಷ್ಟು ಉದ್ದದ ಹೊಟ್ಟೆಗೆ ಇರುವುದು ಹ್ಯಾಚ್ ಎಂಬ ಸಣ್ಣ ಬಾಯಿ. ಮುಂದಿನದು ಸಾಮಾನ್ಯವಾಗಿ ಗುಂಡಗೆ, ಅಡ್ಡಗಲ 24 ಸೆಂ.ಮೀ. ಆಸುಪಾಸು. ಆದ್ದರಿಂದ ಒಂದು ರಟ್ಟಿನಲ್ಲಿ ಆ ಅಳತೆಯ ತೂತು ಕೊರೆದು ಮನೆಯ ನಡುಮಧ್ಯೆ ತೂಗುಹಾಕಿ. ತೂತಿನಲ್ಲಿ ತೂರದ ವಸ್ತುವಿನ ಪರವಾಗಿ ಯಾರೇ ವಕಾಲತ್ತು ಮಾಡಿದರೂ ಕಿವಿಗೊಡಬೇಡಿ. ಮಾವಿನಮಿಡಿಯ ಭರಣಿ ತೂರುವುದಿಲ್ಲ. ಅತ್ತೆ ಕೊಟ್ಟ ಸ್ಟೀಲಿನ ಕ್ಯಾರಿಯರ್ ತೂರುತ್ತದೆ, ಆದರೆ ಒಳಗೆ ಹೋಗಿ ಅಡ್ಡ ತಿರುಗಿತೆಂದರೆ ಉಳ್ಳಾಲದವರೆಗೆ ಹೊರಬರುವುದಿಲ್ಲ. ದೊಡ್ಡ ಚೀಲ ಒಂದಕ್ಕಿಂತ ಉದ್ದನೆಯ ಸಣ್ಣ ಚೀಲ ಹತ್ತು ಮೇಲು.

ನೀರು ದಿನಕ್ಕೆ ತಲೆಗೆ ಐದು ಲೀಟರ್ ಹಿಡಿಯಿರಿ. ಮೂರು ದಿನಕ್ಕೆ 15 ಕಿಲೋ ಆಯಿತು. ಅದು ಸೀಟಿನ ಹಿಂದೆ ತಳದಲ್ಲಿ ಕೂರಲಿ. ಹಗುರವಾದದ್ದು ಎರಡು ತುದಿಗೆ. ಅಳಿವೆಯ ಹತ್ತಿರದ ಬಾವಿ ಉಪ್ಪಾಗಿರಬಹುದು, ರುಚಿ ನೋಡಿಯೇ ತುಂಬಿಕೊಳ್ಳಿ. ಕುಚ್ಚಲಕ್ಕಿಯ ಮೇಲೆ ಪ್ರೀತಿ ಇದ್ದರೂ ಅದು ಬೇಯುವಷ್ಟರಲ್ಲಿ ಒಲೆಯ ಗ್ಯಾಸ್ ಮುಗಿಯುತ್ತದೆ. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ. ಒಣಮೀನು ತರುವ ಜೊತೆಗಾರನಿಗೆ ಬೇರೆ ದೋಣಿ ಕೊಡಿ, ಬೇರೆ ಟೆಂಟೂ ಕೊಡಿ. "ವಾಟರ್‌ಪ್ರೂಫ್" ಎಂದು ಬರೆದ ಚೀಲಗಳನ್ನೆಲ್ಲ ಗಾಳಿ ತುಂಬಿ ಬಕೆಟ್‌ನಲ್ಲಿ ಮುಳುಗಿಸಿ. ಗುಳ್ಳೆ ಬಂದ ಚೀಲ ತರಕಾರಿಗೆ.

ಹಂತ 4: ಮಗುಚುವುದು

ಇದನ್ನು ತಮಾಷೆಯಿಲ್ಲದೆ ಓದಿ. ಸೊಂಟಕ್ಕೆ ಸುತ್ತಿ ದೋಣಿಯ ಬಾಯಿಗೆ ಬಿಗಿಯುವ ಸ್ಪ್ರೇ ಸ್ಕರ್ಟ್‌ನ ಮುಂಭಾಗದಲ್ಲಿ ಒಂದು ಕುಣಿಕೆ ಇರುತ್ತದೆ. ಹೊರಡುವ ಮುಂಚೆ ಪ್ರತಿ ಸಲವೂ ಅದು ಹೊರಗಿದೆಯೇ ಎಂದು ಮುಟ್ಟಿ ನೋಡಿ. ಮಗುಚಿದರೆ ಮುಂದಕ್ಕೆ ಬಾಗಿ, ಕುಣಿಕೆ ಹಿಡಿದು ಮುಂದಕ್ಕೆ ತಳ್ಳಿ ಎಳೆದು, ಸ್ಕರ್ಟ್ ಬಿಚ್ಚಿದ ಮೇಲೆ ಕಾಲು ಬಿಡಿಸಿಕೊಂಡು ಹೊರಬನ್ನಿ. ದೋಣಿ ಬಿಡಬೇಡಿ. ಸಾಲಿಗ್ರಾಮದ ಕಾಂಡ್ಲಾ ಕಾಡಿನ ನಡುವಿನ ತಣ್ಣನೆಯ ಹಿನ್ನೀರಿನಲ್ಲಿ ಇದನ್ನು ಬೇಸರ ಬರುವ ತನಕ ಮಾಡಿ. ಬೇಸರ ಬಂದ ಮೇಲೆ, ತುಂಬಿದ ದೋಣಿಯಲ್ಲಿ ಮಾಡಿ. ಮತ್ತೆ ಹತ್ತಿ ಕೂರುವುದನ್ನೂ ಕಲಿಯಿರಿ. ಲೈಫ್‌ಜಾಕೆಟ್ ಸೀಟಿನ ಕೆಳಗಿಡುವ ವಸ್ತುವಲ್ಲ.

ಹಂತ 5: ಬಿಡಾರ

ದಡದಲ್ಲಿ ಕಸ, ಕಡ್ಡಿ, ಒಂಟಿ ಚಪ್ಪಲಿಗಳು ಒಂದು ಗೆರೆಯಾಗಿ ಬಿದ್ದಿರುತ್ತವೆ. ಭರತಿ ಅಲ್ಲಿಯವರೆಗೆ ಬಂದಿತ್ತು. ಟೆಂಟ್ ಅದಕ್ಕಿಂತ ಸಾಕಷ್ಟು ಮೇಲೆ. ಕಾಸರಕೋಡಿನ ಕಡೆ ಕಡಲಾಮೆ ಮೊಟ್ಟೆ ಇಡುವ ಮರಳಿದೆ. ಅಲ್ಲಿ ಗೂಟ ಹೊಡೆಯಬೇಡಿ, ರಾತ್ರಿ ಲೈಟು ಬೀಸಬೇಡಿ. ಕೈರಂಪಣಿ ಬಲೆ ಎಳೆಯುವ ಜಾಗದಲ್ಲಿ ಬಿಡಾರ ಹೂಡಿದಿರೋ, ಬೆಳಗ್ಗೆ ಬಲೆ ಎಳೆಯಲು ನಿಮ್ಮ ಕೈಯೂ ಸೇರುತ್ತದೆ. ಕೂಲಿಗೆ ಬಂಗುಡೆ ಸಿಗುತ್ತದೆ, ಬೇಡ ಎನ್ನಬೇಡಿ.

ವಿದೇಶದ ಕೈಪಿಡಿಗಳು ಏಕಾಂತವನ್ನು ನಿಭಾಯಿಸುವುದು ಹೇಗೆಂದು ಪುಟಗಟ್ಟಲೆ ಬರೆಯುತ್ತವೆ. ಆ ಪುಟಗಳನ್ನು ಒಲೆ ಹಚ್ಚಲು ಬಳಸಿ. ನಮ್ಮ ಕರಾವಳಿಯಲ್ಲಿ ಟೆಂಟಿನ ಎರಡನೇ ಕೋಲು ನಿಲ್ಲಿಸುವಷ್ಟರಲ್ಲಿ ಹನ್ನೆರಡು ಮಂದಿ, ಒಂದು ಕ್ರಿಕೆಟ್ ತಂಡ, ಎರಡು ನಾಯಿ. ಕುಂದಾಪುರದ ಆಚೀಚೆ "ಹ್ವಾಯ್, ಎಂಜಿನ್ ಇಲ್ಯಾ?" ಮಲ್ಪೆ ದಾಟಿದ ಮೇಲೆ "ವನಸ್ ಆಂಡಾ?", ಅಂದರೆ ಊಟ ಆಯಿತಾ? ಮೊದಲನೆಯದಕ್ಕೆ ಇಲ್ಲ ಎನ್ನಿ, ಎರಡನೆಯದಕ್ಕೂ ಇಲ್ಲ ಎನ್ನಿ, ರಾತ್ರಿಯ ಅವಲಕ್ಕಿ ಉಳಿಯುತ್ತದೆ. ಇದಕ್ಕೆಲ್ಲ ನಿಮಗೆ ಎಷ್ಟು ಸಂಬಳ ಕೊಡುತ್ತಾರೆ ಎಂಬ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರವಿಲ್ಲ.

ಹಂತ 6: ಕಾಗದ ಮತ್ತು ಫೋನು

ವಿದೇಶಿ ಪಟ್ಟಿಗಳಲ್ಲಿ ಮೊದಲು ಬರುವುದು ಉಪಗ್ರಹ ಫೋನ್. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಅದರಿಂದ ಖಂಡಿತ ರಕ್ಷಣೆ ಸಿಗುತ್ತದೆ, ಲಾಕಪ್ಪಿನಲ್ಲಿ. ಹೊರಡುವ ಮೊದಲೇ ಕರಾವಳಿ ಕಾವಲು ಪೊಲೀಸರಿಗೆ ಹೆಸರು, ದಾರಿ, ದಿನಾಂಕ ಬರೆದು ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಬಕೆಟ್ ಪರೀಕ್ಷೆ ಗೆದ್ದ ಚೀಲಗಳಲ್ಲಿ ಅತ್ಯುತ್ತಮವಾದದ್ದು ಆ ಸೀಲಿನ ಹಾಳೆಗೆ. ಕರಾವಳಿ ಪೊಲೀಸರ ಸಂಖ್ಯೆ 1093, ತಟರಕ್ಷಣಾ ಪಡೆಯದು 1554. ಫೋನಿನಲ್ಲಿ ಮಾತ್ರವಲ್ಲ, ದೋಣಿಯ ಮೇಲೂ ಬರೆದಿಡಿ.

ಕೊನೆಯದಾಗಿ, ದಿನವೂ ನಿಮ್ಮ ಕರೆಗೆ ಕಾಯುವ ಒಬ್ಬರು ದಡದಲ್ಲಿ ಬೇಕು. ಅಮ್ಮ ಬೇಡ, ಒಂದು ರಿಂಗ್ ತಪ್ಪಿದರೆ ಹೆಲಿಕಾಪ್ಟರ್ ಬರುತ್ತದೆ. ಗೆಳೆಯನೂ ಬೇಡ, ನೀವು ಕಾಣುತ್ತಿಲ್ಲವೆಂಬುದು ಅವನಿಗೆ ಯುಗಾದಿಗೆ ಹೊಳೆಯುತ್ತದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಚಿಕ್ಕಪ್ಪ ಇದ್ದರೆ ಅವರೇ ಸರಿ. ಸಂಜೆ ಆರಕ್ಕೆ ಕರೆ, ಎಂಟರವರೆಗೆ ಬಾರದಿದ್ದರೆ 1093, ಹೀಗೆಂದು ಬರೆದು ಕೊಡಿ. ಅವರು ಅದನ್ನು ಎರಡು ಸಲ ಓದಿ, "ಆರಕ್ಕೆ ಅಂದ್ರೆ ಆರಕ್ಕೆ ಸರಿಯಾಗಿಯಾ, ಆರರ ಮೇಲೆಯಾ?" ಎಂದು ಕೇಳುತ್ತಾರೆ. ಸರಿಯಾದ ಮನುಷ್ಯನನ್ನು ಆರಿಸಿದ್ದೀರಿ. ದೋಣಿ ಇಳಿಸಬಹುದು.