ನೋಡಿದವರು ಸಹಿ ಹಾಕಬೇಕು

“ಕ್ಯಾಮೆರಾ ಹಾಕಿಸಿದ್ದಾಯ್ತು, ದುಡ್ಡೂ ಕೊಟ್ಟಾಯ್ತು. ಇನ್ನು ಅದಕ್ಕೆ ನಿಯಮಾವಳಿ ಬೇರೆ ಬರೀಬೇಕೇನ್ರೀ?” ಅಂತ ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರು. ರಾಯರು ನಮ್ಮ ಬಡಾವಣೆ ಸಂಘದ ಖಜಾಂಚಿ. ಬೀದಿಗೆ ಎಂಟು ಕ್ಯಾಮೆರಾ ಬಂದಿದ್ದು ಅವರ ಓಡಾಟದಿಂದಲೇ.

ಬರೀಲೇಬೇಕು ರಾಯರೇ, ಅಂದೆ. ಕ್ಯಾಮೆರಾ ಬೇಕು ಅಂತ ಸಭೆಯಲ್ಲಿ ತೀರ್ಮಾನವಾಗೋಕೆ ಐದು ನಿಮಿಷ ಸಾಕಾಯ್ತು. ಅದು ತೋರಿಸಿದ್ದನ್ನು ಯಾರು ನೋಡಬಹುದು ಅನ್ನೋ ಮಾತು ಬಂದ ತಕ್ಷಣ ಎಲ್ಲರಿಗೂ ಕಾಫಿ ನೆನಪಾಯ್ತು. ಯಾಕೆ ಗೊತ್ತಾ? ಕ್ಯಾಮೆರಾ ಕಟ್ಟಿಹಾಕೋದು ಕಳ್ಳನನ್ನ. ನಿಯಮಾವಳಿ ಕಟ್ಟಿಹಾಕೋದು ಕಮಿಟಿಯನ್ನ.

ರಾಯರಿಗೆ ಅದು ಅಷ್ಟು ಹಿಡಿಸಲಿಲ್ಲ. “ನಮ್ಮ ಬೀದಿ, ನಮ್ಮ ಕ್ಯಾಮೆರಾ” ಅಂದರು.

ಚೆಕ್ ದೇಶದ ಒಬ್ಬ ಮನೆ ಯಜಮಾನನೂ ಹಾಗೇ ಅಂದುಕೊಂಡಿದ್ದ. ಅವನ ಮನೆ ಕಿಟಕಿ ಮೇಲಿಂದ ಮೇಲೆ ಒಡೀತಿತ್ತು. ಸೂರಿನ ಕೆಳಗೆ ಕ್ಯಾಮೆರಾ ಕೂರಿಸಿದ. 2007ರ ಅಕ್ಟೋಬರಿನ ಒಂದು ರಾತ್ರಿ ಮತ್ತೆ ಕವಣೆಯಲ್ಲಿ ಯಾರೋ ಕಿಟಕಿ ಒಡೆದರು. ಕ್ಯಾಮೆರಾದಲ್ಲಿದ್ದದ್ದನ್ನು ಪೊಲೀಸರಿಗೆ ಕೊಟ್ಟ, ಇಬ್ಬರ ಗುರುತು ಸಿಕ್ಕಿತು. ಅವರಲ್ಲೊಬ್ಬ, ‘ಬೀದೀಲಿ ಹೋಗೋ ನನ್ನನ್ನು ಹೀಗೆ ಹಿಡಿದಿಟ್ಟಿದ್ದು ಕಾನೂನಿಗೆ ಸರಿಯಾ?’ ಅಂತ ಕೇಳಿದ. ಕೇಳಿದ್ದು ಹೋಗಿ ಹೋಗಿ ಐರೋಪ್ಯ ಒಕ್ಕೂಟದ ಕೋರ್ಟು ಮುಟ್ಟಿತು. ಮನೆ ಕ್ಯಾಮೆರಾ ಬೀದಿಯನ್ನೂ ನೋಡ್ತಿದ್ರೆ ಅದು ಬರೀ ಮನೆ ವ್ಯವಹಾರವಲ್ಲ, ಖಾಸಗಿ ಮಾಹಿತಿ ಕಾಪಾಡೋ ಕಾಯಿದೆ ಅದಕ್ಕೂ ಅನ್ವಯಿಸುತ್ತೆ ಅಂತ 2014ರ ಡಿಸೆಂಬರಿನಲ್ಲಿ ತೀರ್ಪಾಯಿತು. ಆದರೆ ಮನೆ ಕಾಯ್ಕೊಳ್ಳೋ ಹಕ್ಕನ್ನೂ ತೂಗಿ ನೋಡಬೇಕು ಅಂತ ಸೇರಿಸಿದರು.

“ಕಿಟಕಿ ಒಡೆದವನೇ ಕಾನೂನು ಕೇಳೋದಾ! ಇದು ಕಲಿಗಾಲ” ಅಂದರು ರಾಯರು.

ಅಷ್ಟು ದೂರ ಯಾಕೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. 2020ರಲ್ಲಿ ಅದೇ ಸುಪ್ರೀಂ ಕೋರ್ಟು ಪೊಲೀಸ್ ಠಾಣೆಗಳಲ್ಲೆಲ್ಲ ಕ್ಯಾಮೆರಾ ಇಡಿ ಅಂದಾಗ, ‘ಇಲ್ಲಿ ಕ್ಯಾಮೆರಾ ಇದೆ’ ಅಂತ ಸ್ಥಳೀಯ ಭಾಷೆಯಲ್ಲೂ ದೊಡ್ಡದಾಗಿ ಬೋರ್ಡು ಹಾಕಿ ಅಂತಲೂ ಹೇಳಿತು. ಠಾಣೆಗೇ ಬೋರ್ಡು ಬೇಕು ಅಂದ್ಮೇಲೆ ನಮ್ಮ ಬೀದಿ ಯಾವ ಲೆಕ್ಕ? ಬ್ರಿಟನ್ನಿನವರು 2013ರಲ್ಲಿ ಇಂಥದ್ದಕ್ಕೇ ಹನ್ನೆರಡು ಸೂತ್ರಗಳ ಸಂಹಿತೆ ಮಾಡಿಟ್ಟರು. ಕ್ಯಾಮೆರಾ ಯಾಕೆ ಅನ್ನೋದೇ ಮೊದಲ ಸೂತ್ರ.

ಯಾಕೆ ಅಂತ ಬರೀದೆ ಹೋದ್ರೆ ಏನಾಗುತ್ತೆ ಅಂತ ನಮಗೇ ಗೊತ್ತು. ಸ್ಕೂಟರ್ ಕಳ್ಳತನಕ್ಕೆ ಅಂತ ತಂದ ಕ್ಯಾಮೆರಾ ಕಸದ ಚೀಲ ಯಾರದು, ಕೆಲಸದವಳು ಎಷ್ಟಕ್ಕೆ ಬಂದಳು, ಯಾರ ಮನೆ ಹುಡುಗಿ ಯಾರ ಬೈಕಿನಿಂದ ಇಳಿದಳು ಅನ್ನೋವರೆಗೆ ಇಳಿದು ಬಂತು. ಕೊನೆಯದು ಸಂಘದ ವಾಟ್ಸಾಪ್ ಗುಂಪಿಗೂ ಬಂತು. ಆ ಮನೆಯವರು ಈ ಸಲ ಗಣೇಶನ ಚಂದಾ ಕೊಡಲಿಲ್ಲ ಅಂತ ರಾಯರೇ ಗೊಣಗಿದ್ದರು.

“ಸರಿ, ಅಧ್ಯಕ್ಷರು ಒಂದು ಕರಡು ಮಾಡಿದಾರೆ. ಮೂವತ್ತು ದಿನ ರೆಕಾರ್ಡಿಂಗ್ ಇಡಬೇಕು ಅಂತ ಅದರಲ್ಲಿದೆ” ಅಂದರು.

ಮೂವತ್ತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಜನ ಸೇರುವ ಜಾಗಗಳಿಗೆ ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಹೇಳಿದ್ದು ಅದು. ನೋಡಿ ಇಳಿಸಿದ್ದಾರೆ. ಆದರೆ ಅಧ್ಯಕ್ಷರು ಹಾರ್ಡ್ ಡಿಸ್ಕನ್ನ ಒಂದು ಮಾತು ಕೇಳಬೇಕಿತ್ತು. ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ತುಂಬಿಸಿದರೆ ದಿನಕ್ಕೆ ಸುಮಾರು 21.6 ಜಿ.ಬಿ. ಎಂಟು ಸೇರಿದರೆ 170 ದಾಟುತ್ತೆ. ನಮ್ಮದು ಒಂದು ಟಿ.ಬಿ. ಡಿಸ್ಕು. ಆರನೇ ದಿನಕ್ಕೆ ಭರ್ತಿ, ಆಮೇಲೆ ಹಳೆಯದರ ಮೇಲೇ ಹೊಸದು. ಮೂವತ್ತು ದಿನ ಬೇಕಾದ್ರೆ ಐದು ಟಿ.ಬಿ.ಗೂ ಮೇಲೆ ಬೇಕು. ಒಂದೋ ಡಿಸ್ಕು ದೊಡ್ಡದಾಗಲಿ, ಇಲ್ಲಾ ನಿಯಮ ಚಿಕ್ಕದಾಗಲಿ.

ಖರ್ಚಿನ ಮಾತು ಬಂದಿದ್ದೇ ಖಜಾಂಚಿಗಳು ಸೆಟೆದು ನಿಂತರು. “ನಿಯಮ ಚಿಕ್ಕದಾಗ್ಲಿ ಬಿಡಿ.”

ಗಡಿಯಾರದ್ದೂ ಬರೀಬೇಕು. ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆ ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗ ತಾರೀಕು ಯಾವುದೋ ಹಳೇ ಇಸವಿಗೆ ಓಡಿಹೋಗುತ್ತೆ. ಹತ್ತು ನಿಮಿಷ ಹಿಂದೆ ಮುಂದೆ ಆದ್ರೂ ವಕೀಲರಿಗೆ ಹಬ್ಬ. ಈಗ 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕು, ಫೈಲಿನ ಬೆರಳಚ್ಚಿನಂಥ ಹ್ಯಾಷ್ ಅಂಕಿಯನ್ನೂ ಬರೀಬೇಕು. ಮಾನಿಟರಿನ ಮುಂದೆ ಮೊಬೈಲ್ ಹಿಡಿದು ತೆಗೆದ ವಿಡಿಯೋ ಗುಂಪಿನಲ್ಲಿ ಜಗಳಕ್ಕೆ ಸಾಕು, ಕೋರ್ಟಿಗೆ ಸಾಲದು.

ಇಷ್ಟೆಲ್ಲ ಹೇಳೋ ಹೊತ್ತಿಗೆ ನನಗೆ ವಾಚ್‌ಮನ್ ಕೋಣೆ ಕಣ್ಮುಂದೆ ಬಂತು. ಪಾಸ್‌ವರ್ಡು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದಾರೆ. ಪಾಪ, ಅವನದ್ದೇನೂ ತಪ್ಪಿಲ್ಲ. ಬಂದವರೆಲ್ಲ ಅವನನ್ನೇ ಕೇಳ್ತಾರೆ. ಅದಕ್ಕೇ ನಾನು ಹೇಳೋದು, ಅಲ್ಲೊಂದು ರಿಜಿಸ್ಟರ್ ಇಡಿ. ಯಾರು ನೋಡಿದರು, ಯಾವ ಹೊತ್ತಿನದ್ದು, ಯಾತಕ್ಕೆ ಅಂತ ಬರೆದು ಸಹಿ. ಪೊಲೀಸರು ಪ್ರತಿ ಒಯ್ದರೂ ಸಹಿ.

“ಅಧ್ಯಕ್ಷರೂ?”

ಅಧ್ಯಕ್ಷರೂ, ಖಜಾಂಚಿಗಳೂ.

ಅಷ್ಟರಲ್ಲಿ ಒಳಗಿಂದ ರಾಯರ ಮನೆಯವರು ಒಗೆದ ಬಟ್ಟೆ ಬಕೆಟ್ ಹಿಡಿದು ಬಂದರು. “ಆ ಮೂಲೆ ಕ್ಯಾಮೆರಾಕ್ಕೆ ನಮ್ಮ ಹಿತ್ತಲೂ ಕಾಣುತ್ತಾ?” ಅಂತ ನನ್ನನ್ನೇ ಕೇಳಿದರು. ಕಂಡರೆ ಅಷ್ಟು ಭಾಗಕ್ಕೆ ಕಪ್ಪು ಚೌಕ ಹಾಕಿ ಮುಚ್ಚೋ ಅನುಕೂಲ ಅದರಲ್ಲೇ ಇರುತ್ತೆ ಅಮ್ಮ, ನಿಯಮದಲ್ಲಿ ಅದನ್ನೂ ಸೇರಿಸೋಣ ಅಂದೆ.

“ಹಾಗೇ ಗೇಟಿನ ಹತ್ರಾನೂ ಮುಚ್ಚಿಸಿ” ಅಂದವರು ಗಂಡನ ಕಡೆ ತಿರುಗಿದರು. “ಅಲ್ಲಾ ರೀ, ಶುಕ್ರವಾರ ನೀವು ಊರಲ್ಲೇ ಇರ್ಲಿಲ್ಲ. ನಾನು ಹೂವಿನವಳ ಹತ್ರ ಮುಕ್ಕಾಲು ಗಂಟೆ ಮಾತಾಡ್ತಾ ನಿಂತಿದ್ದೆ ಅಂತ ಹೇಗೆ ಗೊತ್ತಾಯ್ತು ನಿಮಗೆ?”

ರಾಯರು ಕಾಂಪೌಂಡಿನಿಂದ ಮೊಣಕೈ ತೆಗೆದರು.

“ರಿಜಿಸ್ಟರು ಇನ್ನೂರು ಪುಟದ್ದೇ ತರಿಸ್ಲಾ?” ಅಂತ ನನ್ನನ್ನು ಕೇಳಿದರು.