ಸೆನ್ಸಾರ್ ಮಾವ

ಮಡಕಶಿರಾ ಸೀಮೆಯ ರತ್ನಗಿರಿಗೆ ಬಂದು, ಅಲ್ಲಿಯ ಬೆಟ್ಟವನ್ನು ಹತ್ತಿ, ಮೇಲಣ ಪಾಳುಕೋಟೆಯನ್ನು ನೋಡಿ ನಿಟ್ಟುಸಿರಿಟ್ಟು ಹಿಂದಿರುಗುತ್ತಿದ್ದ ಯಾತ್ರಿಕರು, ಕೆಳಗೆ ಅರಳಿಕಟ್ಟೆಯ ಮೇಲೆ ಪ್ರತಿ ಸಾಯಂಕಾಲವೂ ವಿರಾಜಮಾನರಾಗುತ್ತಿದ್ದ ನಮ್ಮ ಸೆನ್ಸಾರ್ ಮಾವನನ್ನು ಕಾಣದೆ ಹೋಗಿದ್ದರೆ, ಅವರು ಊರಿನ ಅರ್ಧವನ್ನು ಮಾತ್ರ ನೋಡಿದಂತಾಯಿತೆಂದೇ ನನ್ನ ಅಭಿಪ್ರಾಯ. ಮದರಾಸಿನ ಸೆನ್ಸಾರ್ ಮಂಡಲಿಯವರು ಮುದ್ರೆಯೊತ್ತಿ ಕಳುಹಿದ ಚಿತ್ರವೂ ಈ ಕಟ್ಟೆಯ ಅಪ್ಪಣೆಯಿಲ್ಲದೆ ಊರೊಳಕ್ಕೆ ಕಾಲಿಡುವಂತಿರಲಿಲ್ಲವಾದುದರಿಂದ ಅವರಿಗೆ ಆ ಬಿರುದು. ಇನ್ನು ಮಾವನೆಂಬುದು, ಅವರಿಗಿಂತ ಹತ್ತು ವರುಷ ಹಿರಿಯರಾದ ಶಾನುಭೋಗರೂ ಅವರನ್ನು ಹಾಗೆಯೇ ಕರೆಯುತ್ತಿದ್ದರಾಗಿ, ನಂಟಿಗಿಂತ ಹೆಚ್ಚಾಗಿ ಪದವಿಯೇ ಆಗಿದ್ದಿತು.

ನಮ್ಮದು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಸೀಮೆ. ಪಡುವಲಿಗೆ ಹೋದರೆ ಶಿರಾದಲ್ಲಿ ರಾಜಕುಮಾರರು, ಮೂಡಲಿಗೆ ಹೋದರೆ ಹಿಂದೂಪುರದಲ್ಲಿ ಎನ್.ಟಿ. ರಾಮರಾಯರು. ಮಾವನವರು ಪಕ್ಷಪಾತವಿಲ್ಲದೆ ಒಂದು ವಾರ ಅತ್ತ, ಒಂದು ವಾರ ಇತ್ತ ಪ್ರಯಾಣ ಮಾಡುತ್ತಿದ್ದರು. ಹೊರಡುವಾಗ ಹೆಗಲ ವಲ್ಲಿಯ ತುದಿಯಲ್ಲಿ ಅರ್ಧ ಸೇರು ಹುರಿದ ಕಡಲೆಕಾಯಿಯ ಗಂಟು. ಪರದೆಯ ಮೇಲೆ ಹೆಸರುಗಳು ಮೂಡತೊಡಗಿದೊಡನೆಯೇ ಗಂಟು ಬಿಚ್ಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಯಿಯನ್ನಿಟ್ಟು ಪಟ್ಟೆಂದು ಒಡೆದು, ಬೀಜವನ್ನು ಬಾಯಿಗೂ ಸಿಪ್ಪೆಯನ್ನು ನೆಲಕ್ಕೂ ಒಂದೇ ಬೀಸಿನಲ್ಲಿ ರವಾನಿಸುವ ಅವರ ಕೈಚಳಕವನ್ನು, ಪಕ್ಕದಲ್ಲಿ ಕುಳಿತ ನಾನು ಎಷ್ಟೋ ಸಲ ಚಿತ್ರಕ್ಕಿಂತ ಹೆಚ್ಚು ತನ್ಮಯತೆಯಿಂದ ನೋಡಿದ್ದುಂಟು.

ಪೌರಾಣಿಕ ಚಿತ್ರಗಳ ವಿಷಯದಲ್ಲಿ ಅವರದು ನ್ಯಾಯಾಧೀಶರ ಗಾಂಭೀರ್ಯ. 1954ರಲ್ಲಿ ಎಚ್.ಎಲ್.ಎನ್. ಸಿಂಹರು ‘ಬೇಡರ ಕಣ್ಣಪ್ಪ’ವನ್ನು ತೆಗೆದು, ಅದೇ ಕಥೆಯನ್ನು ಅದೇ ರಾಜಕುಮಾರರಿಂದ ತೆಲುಗಿನಲ್ಲಿಯೂ ಆಡಿಸಿದರಲ್ಲ, ಅದು ಮಾವನವರಿಗೆ ಬ್ರಹ್ಮಾಸ್ತ್ರವಾಗಿದ್ದಿತು. ಹಿಂದೂಪುರದ ಬೀಗರು ರಾಮರಾಯರ ಕೃಷ್ಣವೇಷವನ್ನು ಹೊಗಳತೊಡಗಿದರೆ, “ಇರಬಹುದು ಬೀಗರೇ, ಆದರೆ ನಮ್ಮ ಕಣ್ಣಪ್ಪ ಒಂದು ಕಣ್ಣು ಕನ್ನಡಕ್ಕೆ ಕೊಟ್ಟ, ಇನ್ನೊಂದು ಕಣ್ಣು ತೆಲುಗಿಗೆ ಕೊಟ್ಟ. ನಿಮ್ಮವರು ನಮಗೇನು ಕೊಟ್ಟರು?” ಎಂದು ಕೇಳಿ, ಬೀಗರು ಉತ್ತರ ಹುಡುಕುವಷ್ಟರಲ್ಲಿ ತಾಂಬೂಲಕ್ಕೆ ಸುಣ್ಣ ಬೇಡುತ್ತಿದ್ದರು. 1965ರಲ್ಲಿ ಆಗ ನಮ್ಮ ಜಿಲ್ಲೆಗೇ ಸೇರಿದ್ದ ತಾಡಪತ್ರಿಯವರಾದ ಕೆ.ವಿ. ರೆಡ್ಡಿಯವರು ಇಬ್ಬರು ಹರಿಶ್ಚಂದ್ರರನ್ನು ಏಕಕಾಲಕ್ಕೆ ಸುಡುಗಾಡಿಗೆ ಕಳುಹಿದರು. ತೆಲುಗಿನವನನ್ನು ಸ್ವತಃ ನಿರ್ದೇಶಿಸಿ, ಕನ್ನಡದವನನ್ನು ಹುಣಸೂರು ಕೃಷ್ಣಮೂರ್ತಿಗಳ ಕೈಗೊಪ್ಪಿಸಿದರು. ಕನ್ನಡದವನು ಗೆದ್ದನು, ತೆಲುಗಿನವನು ಸೋತನು. ಈ ಫಲಿತಾಂಶವನ್ನು ಮಾವನವರು ಶಿರಾದಲ್ಲಿ ಗಟ್ಟಿಯಾಗಿಯೂ ಹಿಂದೂಪುರದಲ್ಲಿ ಮೆಲ್ಲಗೂ ಹೇಳುತ್ತಿದ್ದರು. ಅವೆರಡೂ ಚಿತ್ರಗಳನ್ನು ಕಟ್ಟೆಯ ಮೇಲೆ ಅವರು ಸಮಾನವಾಗಿ ಆಕಾಶಕ್ಕೇರಿಸಿದರು; ಎರಡರಲ್ಲಿಯೂ ಅವರ ಪಾದಗಳು ಮುಚ್ಚಿಹೋಗುವಷ್ಟು ಸಿಪ್ಪೆ ಬಿದ್ದಿದ್ದಿತೆಂಬುದು ಬೇರೆ ಮಾತು.

ಮಾಯಾಮಂತ್ರದ ಚಿತ್ರಗಳೆಂದರೆ ಉಡುಪಿಯ ಕಡೆಯಿಂದ ಹೋಗಿ ತೆಲುಗರನ್ನು ಬೆರಗುಗೊಳಿಸಿದ ವಿಠಲಾಚಾರ್ಯರವು. ಅವುಗಳ ಬಗೆಗೆ ಮಾವನವರದು ಒಂದೇ ಆಕ್ಷೇಪಣೆ: “ಏಳು ಸಮುದ್ರದಾಚೆ ಗಿಣಿಯಲ್ಲಿ ಪ್ರಾಣ ಇಡುವ ಮಂತ್ರವಾದಿಗೆ, ಆ ಗಿಣಿಗೊಂದು ಆಳು ಕಾವಲಿಡಬೇಕೆಂಬ ಬುದ್ಧಿ ಬೇಡವೇನೋ ಅಳಿಯಾ? ನಮ್ಮ ಕಡಲೆಕಾಯಿ ಹೊಲಕ್ಕೇ ಇಬ್ಬರನ್ನು ಇಡ್ತೀವಿ.” ಪತ್ತೇದಾರಿ ಚಿತ್ರಗಳಲ್ಲಿ ಅವರು ಪಕ್ಕದವರಿಗೆ ಶಾಪವಾಗಿ ಪರಿಣಮಿಸುತ್ತಿದ್ದರು. 1968ರ ‘ಜೇಡರ ಬಲೆ’ಯಲ್ಲಿ ಸಿ.ಐ.ಡಿ. 999 ಇನ್ನೂ ಕೋಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ಅಪರಾಧಿಯತ್ತ ಬೆರಳು ತೋರಿಸಿ, ಬೆಂಚಿಯವರನ್ನೂ ನೆಲದವರನ್ನೂ ಏಕಕಾಲದಲ್ಲಿ ಚಕಿತಗೊಳಿಸಿದರು. ಮಧ್ಯಾಹ್ನದ ಆಟವನ್ನೂ ಅವರು ನೋಡಿದ್ದರೆಂಬ ಗುಟ್ಟು ನನಗೊಬ್ಬನಿಗೇ ತಿಳಿದಿದ್ದಿತು.

ಚಿತ್ರದುರ್ಗದ ಕೋಟೆಯನ್ನು ತುಂಬ ತೋರಿಸಿದ ‘ನಾಗರಹಾವು’ ಅವರಿಗೆ ಹಿಡಿಸಲಿಲ್ಲ; ಪುಟ್ಟಣ್ಣ ಕಣಗಾಲರು ರತ್ನಗಿರಿಗೆ ಬಂದು ಕೋಟೆ ಕೇಳಲಿಲ್ಲವೆಂಬುದೇ ಕಾರಣ. ಅದೇ 1972ರ ‘ಬಂಗಾರದ ಮನುಷ್ಯ’ವನ್ನಾದರೋ ಏಳು ಸಲ ನೋಡಿ, ಎಂಟನೆಯ ದಿನ ಹಾರೆ ಗುದ್ದಲಿಗಳೊಡನೆ ಹೊಲಕ್ಕೆ ನಡೆದು ಬಾವಿ ತೋಡಿಸತೊಡಗಿದರು. ಎರಡಾಳುದ್ದಕ್ಕೆ ಕರಿಬಂಡೆ ಎದುರಾಯಿತು. “ಅಲ್ಲಿ ಒಂದು ಹಾಡು ಮುಗಿಯೋದರೊಳಗೆ ಬಂಡೆ ಪುಡಿಯಾಗುತ್ತೆ, ಇಲ್ಲಿ ಹಾರೆ ಪುಡಿಯಾಯಿತಲ್ಲೋ!” ಎಂದು ಮಾವನವರು ಬಾವಿಯ ದಡದಲ್ಲಿ ಕುಳಿತು ಮರುಗಿದರು. ಆ ಗುಂಡಿಯಲ್ಲಿ ಮಳೆಗಾಲಕ್ಕೆ ಈಗಲೂ ಕಪ್ಪೆ ಕೂಗುತ್ತವೆ.

ಕಡೆಗೆ ಕಲಾತ್ಮಕ ಚಿತ್ರ. ಬೆಂಗಳೂರಿಗೆ ಮದುವೆಗೆಂದು ಹೋಗಿದ್ದಾಗ, ನೆಲ್ಲೂರಿನ ಪಟ್ಟಾಭಿರಾಮರೆಡ್ಡಿಯವರು ಕನ್ನಡದಲ್ಲಿ ತೆಗೆದ, 1970ರ ಅತ್ಯುತ್ತಮ ಚಿತ್ರವೆಂದು ಇಡಿಯ ದೇಶದಲ್ಲಿ ಪ್ರಶಸ್ತಿ ಪಡೆದ ‘ಸಂಸ್ಕಾರ’ಕ್ಕೆ ನಾನೇ ಅವರನ್ನು ಕರೆದುಕೊಂಡು ಹೋದೆನು. ಹೆಣವೆತ್ತುವ ತನಕ ಅಗ್ರಹಾರದವರು ಉಣ್ಣುವಂತಿಲ್ಲವೆಂಬ ಕಥೆ. ಕತ್ತಲಲ್ಲಿ ಮಾವನವರು ಉಸಿರೆತ್ತಲಿಲ್ಲ. ಬಸ್ಸಿನಲ್ಲಿಯೂ ಮಾತಿಲ್ಲ. ಆದರೆ ಮರುದಿನದ ಸಾಯಂಕಾಲ ಕಟ್ಟೆಯ ಮೇಲೆ ಅವರ ವಾಗ್ಝರಿಗೆ ತಡೆಯಿರಲಿಲ್ಲ: “ಹಾಡಿಲ್ಲ, ಹೊಡೆದಾಟವಿಲ್ಲ. ಅರ್ಧ ಸಿನಿಮಾ ಹೆಣ ಬಿದ್ದಿರುತ್ತೆ, ಎತ್ತೋರಿಲ್ಲ. ಇದಕ್ಕೆ ದಿಲ್ಲಿಯವರ ಪದಕ! ನಾನಂತೂ ಇಂಟರ್‌ವಲ್ಲಿನವರೆಗೆ ಗೊರಕೆ ಹೊಡೆದೆ, ಬೇಕಾದರೆ ಅಳಿಯನನ್ನ ಕೇಳಿ.”

ಅಳಿಯನನ್ನು ಯಾರೂ ಕೇಳಲಿಲ್ಲ. ಆದರೆ ಅದೇ ದಿನ ಬೆಳಿಗ್ಗೆ ಅತ್ತೆಯವರು ಒಗೆಯುವುದಕ್ಕೆಂದು ವಲ್ಲಿಯನ್ನೆತ್ತಿದಾಗ ನಾನು ಅಲ್ಲಿಯೇ ಇದ್ದೆನು. ಅರ್ಧ ಸೇರು ಕಡಲೆಕಾಯಿಯ ಗಂಟು ಕಟ್ಟಿದಂತೆಯೇ ಇದ್ದಿತು.