ರಾತ್ರಿಪಾಳಿಯ ರೈತ

ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು 2020ರಲ್ಲಿ ಕಾಯ್ದೆ ತಿದ್ದಿದ್ದೇ ತಡ, ಬೆಂಗಳೂರು ಬಿಟ್ಟು ತಿಪಟೂರಿನ ಕಡೆ ತೆಂಗಿನತೋಟ ಹಿಡಿದೆ. ಪಕ್ಕದ ತೋಟದ ಗೌಡರು ವಿಚಾರಣೆಗೆ ಬಂದರು.

"ಡ್ರಮ್ಮಿನಾಗೇನು ಸ್ವಾಮಿ?"

"ಜೀವಾಮೃತ ಗೌಡ್ರೇ. 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲೆಹಿಟ್ಟು, ಹಿಡಿ ಮಣ್ಣು."

"ಸಗಣಿ ಎಲ್ಲಿಂದು?"

"ಆನ್‌ಲೈನಲ್ಲಿ ಬೆರಣಿ ತರಿಸಿ ನೆನೆಹಾಕಿದೆ."

"ನಮ್ಮ ಕೊಟ್ಟಿಗೇಲಿ ಪುಕ್ಕಟೆ ಬಿದ್ದೈತಲ್ಲ!"

"ಅದಕ್ಕೆ ರಿವ್ಯೂ ಇಲ್ವಲ್ಲ!"

"ನೀರು ಯಾವಾಗ ಬಿಡ್ತೀರಿ?"

"ತ್ರೀಫೇಸ್ ಕರೆಂಟು ಬಂದಾಗ. ರಾತ್ರಿ ಎರಡಕ್ಕೆ."

"ಬೆಂಗ್ಳೂರಾಗೆ?"

"ಅಮೆರಿಕದವರ ಮೀಟಿಂಗು, ರಾತ್ರಿ ಎರಡಕ್ಕೆ. ಅದು ತಡೀಲಾರದೇ ಇಲ್ಲಿಗೆ ಬಂದೆ!"

"ಅಲ್ಲಿ ಸಂಬಳ ಕೊಡ್ತಿದ್ರಾ?"

"ಹ್ಞೂಂ."

"ಹಂಗಾದ್ರೆ ಈಗ ನೀವು ಪಕ್ಕಾ ರೈತರಾದ್ರಿ ಬಿಡಿ!"